ಹವಾಲ್ದಾರ್ ಮಾವನ ಹೆಸರಿನಲ್ಲಿ ಟಿಕೆಟು ಮಾರಿದೆ

ಕಳೆದ ವಾರ ಪಕ್ಕದ ಮನೆಯ ಹುಡುಗಿ ಕಾಲೇಜಿನ ಪರೇಡಿಗೆಂದು ಜಗಲಿಯಲ್ಲಿ ಕುಳಿತು ಬೆಲ್ಟಿನ ಹಿತ್ತಾಳೆ ಬಕಲ್ ಉಜ್ಜುತ್ತಿದ್ದಳು. ಪಾಲಿಶಿನ ವಾಸನೆ ಬೇಲಿ ದಾಟಿ ನಮ್ಮ ಅಂಗಳಕ್ಕೂ ಬಂತು. ಸ್ವಲ್ಪ ಸೀಮೆಎಣ್ಣೆಯಂತೆ, ಸ್ವಲ್ಪ ಹುಳಿ ಹಿಡಿದಂತೆ ಇರುವ ಆ ವಾಸನೆ ಮೂಗಿಗೆ ಬಡಿದದ್ದೇ ನನಗೆ ಕುಳಿತಲ್ಲಿ ಕುಳಿತಿರಲಾಗಲಿಲ್ಲ. ಎದ್ದು ಬೇಲಿಯ ಹತ್ತಿರ ಹೋದೆ.

"ಎಂತ ಅಜ್ಜ, ವಾಸನೆ ಆಗುದಿಲ್ವಾ ನಿಮಗೆ?" ಎಂದು ಹುಡುಗಿ ಕೇಳಿದಳು. ಅವಳ ಅಪ್ಪ ಅಲ್ಲೇ ಕುರ್ಚಿಯಲ್ಲಿದ್ದ. ಹಿಂದಿನ ದಿನ ಅವರೆಲ್ಲ ಪುತ್ತೂರಿಗೆ ಹೋಗಿ ಒಂದು ಸಿನಿಮಾ ನೋಡಿ ಬಂದಿದ್ದರಂತೆ. ಹಿಂದಿನ ಕಾಲದ ಕತೆ. ಮೇಲಿನವರ ಆಜ್ಞೆಯನ್ನು ಒಪ್ಪದ ಒಬ್ಬ ಸೈನಿಕನ ಕತೆ. ಅದನ್ನು ಅವನು ಕುರ್ಚಿಯ ತುದಿಗೆ ಬಂದು ಹೇಳಿದ. "ಅಂಥವರು ಈಗ ಎಲ್ಲಿದ್ದಾರೆ ಹೇಳಿ ಮಾರಾಯ್ರೆ? ಎಲ್ಲ ಸಿನಿಮಾದಲ್ಲಿ ಮಾತ್ರ" ಎಂದ.

ನನಗೆ ಒಮ್ಮೆಲೇ ಸಿಟ್ಟು ಬಂತು. ಅವನ ಮೇಲಲ್ಲ, ಅವನಿಗೇನು ಗೊತ್ತು, ಪಾಪ. ಅಂಥವರು ಇದ್ದರು. ಸಂಪಾಜೆಗೆ ಹೋಗುವ ಇದೇ ರಸ್ತೆಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ನಡೆಯುತ್ತಿದ್ದರು. ಅವರನ್ನು ಊರು ಏನು ಮಾಡಿತು, ನಾನು ಏನು ಮಾಡಿದೆ ಎಂಬುದನ್ನು ಇಷ್ಟು ವರ್ಷ ನುಂಗಿಕೊಂಡು ಬಂದಿದ್ದೇನೆ. ಇನ್ನು ಆಗುವುದಿಲ್ಲ.

ಊರಿಗೆಲ್ಲ ಅವರು ಹವಾಲ್ದಾರ್ ಮಾವ. ಮಿಲಿಟರಿಯಿಂದ ಬಂದವರು ನಮ್ಮ ಸುಳ್ಯದ ಕಡೆ ಕಡಿಮೆಯೇನಲ್ಲ. ಘಟ್ಟದ ಮೇಲಿನ ಕೊಡಗಿನ ಗಾಳಿ ನಮಗೂ ಸ್ವಲ್ಪ ತಾಗಿದೆ. ಆದರೆ ಬೇರೆಯವರು ಊರಿಗೆ ಬಂದ ಮೇಲೆ ಪೆನ್ಷನ್ನು, ರಮ್ಮು, ಯುದ್ಧದ ಸುದ್ದಿ ಎಂದು ಕಾಲ ಕಳೆಯುತ್ತಿದ್ದರೆ ಇವರು ಜೇನು ಸಾಕುತ್ತಿದ್ದರು. ಮನೆಯ ಹಿಂದಿನ ಗುಡ್ಡೆಯಲ್ಲಿ ಜೇನು ಪೆಟ್ಟಿಗೆಗಳಿದ್ದವು. ವಾರಕ್ಕೊಂದು ದಿನ ನಮ್ಮ ಊರಿನ ಹೈಸ್ಕೂಲಿಗೆ ಬಂದು ಮಕ್ಕಳಿಗೆ ಡ್ರಿಲ್ ಕಲಿಸುತ್ತಿದ್ದರು. ಅದಕ್ಕೆ ಸಂಬಳವಿರಲಿಲ್ಲ. ಆ ದಿನ ಮಾತ್ರ ಅವರ ಮೈಯಿಂದ ಈ ಪಾಲಿಶಿನ ವಾಸನೆ ಬರುತ್ತಿತ್ತು. ಬೆಲ್ಟಿನ ಬಕಲನ್ನೂ ಕೊರಳಿನ ಸೀಟಿಯನ್ನೂ ಮುಖ ಕಾಣುವಷ್ಟು ಉಜ್ಜಿ ತರುತ್ತಿದ್ದರು.

ನಾನೂ ಅವರ ಕೈಕೆಳಗೆ ಕವಾಯತು ಮಾಡಿದವನೇ. ಮನೆಯಲ್ಲಿ ಅರೆಭಾಷೆಯೋ ತುಳುವೋ ಬ್ಯಾರಿಯೋ ಮಾತನಾಡುವ ನಾವೆಲ್ಲ ಅವರು ಹಿಂದಿಯಲ್ಲಿ ಕೂಗುವ ಆಜ್ಞೆಗೆ ಒಟ್ಟಿಗೆ ಎಡಕ್ಕೆ ತಿರುಗಿ ಒಟ್ಟಿಗೆ ನಿಲ್ಲುತ್ತಿದ್ದೆವು. ತಪ್ಪಿದವನಿಗೆ ಅವರು ಹೊಡೆಯುತ್ತಿರಲಿಲ್ಲ. ಹತ್ತಿರ ಬಂದು, "ಎಡಗಾಲನ್ನು ಮನೆಯಲ್ಲಿ ಬಿಟ್ಟು ಬಂದಿಯಾ ಹೈದ?" ಎನ್ನುತ್ತಿದ್ದರು. ಹೈದ ಎಂದರೆ ನಮ್ಮ ಅರೆಭಾಷೆಯಲ್ಲಿ ಹುಡುಗ. ನನಗೆ ಮೀಸೆ ಬಂದ ಮೇಲೂ ಅವರಿಗೆ ನಾನು ಹೈದನೇ.

ಯುದ್ಧದ ಬಗ್ಗೆ ಅವರು ಬಾಯಿ ಬಿಡುತ್ತಿರಲಿಲ್ಲ. ಅವರು ಬಿಡದ್ದಕ್ಕೆ ಊರೇ ಬಿಟ್ಟಿತು. ಗಡಿಯಲ್ಲಿ ಒಬ್ಬರೇ ಹತ್ತು ಜನರನ್ನು ಕೆಡವಿದ್ದಾರೆ ಎಂದು ಒಬ್ಬ, ತೊಡೆಯಲ್ಲಿ ಇನ್ನೂ ಗುಂಡು ಉಂಟು ಎಂದು ಇನ್ನೊಬ್ಬ. ಆಗಸ್ಟ್ ಹದಿನೈದಕ್ಕೆ ಅಧ್ಯಕ್ಷರು ಬಾವುಟ ಹಾರಿಸುವಾಗ ಅವರ ಬಲಕ್ಕೆ ನಿಲ್ಲುವವರು ಹವಾಲ್ದಾರ್ ಮಾವ. ಅಧ್ಯಕ್ಷರೆಂದರೆ ಶಾಲಾ ಕಮಿಟಿಯ ಅಧ್ಯಕ್ಷರು, ದೊಡ್ಡ ಜಮೀನಿನ ಮನೆಯವರು. ಯಾರದ್ದಾದರೂ ಮನೆಯಲ್ಲಿ ಸಾವಾದರೆ ನಮ್ಮಲ್ಲಿ ಅಂಗಳದಿಂದ ಆಕಾಶಕ್ಕೆ ಕೋವಿ ಹಾರಿಸುವ ಕ್ರಮವಿತ್ತು. ಫೋನಿಲ್ಲದ ಕಾಲ, ಆ ಸದ್ದು ಕೇಳಿ ಜನ ಕೈಯಲ್ಲಿದ್ದ ಕೆಲಸ ಬಿಟ್ಟು ಬರುತ್ತಿದ್ದರು. ಅದಕ್ಕೂ ಅವರನ್ನೇ ಕರೆಯುತ್ತಿದ್ದರು. ಅವರ ಕೈಯಿಂದ ಕೋವಿಯ ಸದ್ದು ಹೊರಟರೆ ಸತ್ತವರಿಗೆ ಮರ್ಯಾದೆ ಎಂಬ ಭಾವನೆ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಮುಂದೆ ಓದದೆ ಟೂರಿಂಗ್ ಟಾಕೀಸಿಗೆ ಸೇರಿದೆ. ಮಳೆಗಾಲ ಮುಗಿದು ಗದ್ದೆ ಕೊಯ್ಲಾದ ಮೇಲೆ ಟೆಂಟು ಏಳುತ್ತಿತ್ತು. ಕೆಲವು ತಿಂಗಳು ಸುಳ್ಯದ ಹತ್ತಿರ, ಆಮೇಲೆ ಕಡಬದ ಕಡೆ. ಮುಂದಿನ ಮಳೆ ಬೀಳುವುದರೊಳಗೆ ಬಿಚ್ಚಿ ಕಟ್ಟಿಡಬೇಕು. ಹಗಲು ಜೀಪಿನಲ್ಲಿ ಮೈಕ್ ಕಟ್ಟಿಕೊಂಡು ಗುತ್ತಿಗಾರು, ಸಂಪಾಜೆ ಎಂದು ಸುತ್ತಿ ಸಿನಿಮಾದ ಪ್ರಚಾರ ಮಾಡುವುದು ನನ್ನ ಕೆಲಸ. ಸಂಜೆಗೆ ಇನ್ನೊಂದು ಕೆಲಸವಿತ್ತು. ಹಿಂದಿ ಸಿನಿಮಾ ಬಂದರೆ ನಮ್ಮವರಿಗೆ ಹಾಡು, ಹೊಡೆದಾಟ ಬಿಟ್ಟು ಏನೂ ಅರ್ಥವಾಗುತ್ತಿರಲಿಲ್ಲ. ಹಾಗಾಗಿ ಪರದೆಯ ಪಕ್ಕದಲ್ಲಿ ಸ್ಟೂಲು ಹಾಕಿ ಕುಳಿತು, ಮುಖ್ಯವಾದ ಮಾತು ಬಂದಾಗಲೆಲ್ಲ ಮೈಕಿನಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೆ. ನನಗೇ ಹಿಂದಿ ಅಷ್ಟಕ್ಕಷ್ಟೆ. ಗೊತ್ತಿಲ್ಲದ ಕಡೆ ನಾನೇ ಹುಟ್ಟಿಸಿ ಹೇಳುತ್ತಿದ್ದೆ. "ಅವಳು ಅಳುವಾಗ ನೀನು ಮದುವೆ ಉಂಟು ಅಂದಿಯಲ್ಲ ಮಾರಾಯ" ಎಂದು ಜನ ನಗುತ್ತಿದ್ದರು. ನನ್ನ ಆಸೆ ಇದ್ದದ್ದು ಬೇರೆ. ಒಳಗೆ ಸಿನಿಮಾ ಓಡಿಸುವ ಯಂತ್ರದ ಕೋಣೆಯಲ್ಲಿ ಆಪರೇಟರ್ ಆಗಬೇಕು ಎಂದು.

ಎಪ್ಪತ್ತರ ದಶಕ ಮುಗಿಯುವ ಹೊತ್ತು. ಟೆಂಟಿನ ಯಜಮಾನರು ಒಂದು ಹಳೆಯ ಕಪ್ಪುಬಿಳುಪು ಹಿಂದಿ ಸಿನಿಮಾ ತಂದರು. ಬಿಳಿಯರ ಕಾಲದ ಕತೆ. ಒಬ್ಬ ಸುಬೇದಾರ, ಅವನ ಮೇಲೊಬ್ಬ ಬಿಳಿ ಅಧಿಕಾರಿ. ಬಾವಿಕಟ್ಟೆಯಲ್ಲಿ ಸೇರಿದ ಬರಿಗೈ ಜನರ ಮೇಲೆ ಗುಂಡು ಹಾರಿಸಲು ಆಜ್ಞೆಯಾಗುತ್ತದೆ. ಸುಬೇದಾರ ಕೋವಿ ಕೆಳಗಿಡುತ್ತಾನೆ. ಜನ ಉಳಿಯುತ್ತಾರೆ, ಅವನಿಗೆ ಮರಣದಂಡನೆಯಾಗುತ್ತದೆ. ಹೊಡೆದಾಟ ಕಡಿಮೆ, ಮಾತು ಹೆಚ್ಚು. ಮೊದಲ ದಿನ ನಾನು ಏನೇನೋ ಒದರಿದೆ. ಅರ್ಧ ಟೆಂಟು ಇಂಟರ್ವಲಿಗೇ ಎದ್ದು ಹೋಯಿತು. "ಇದು ನಡೆಯುದಿಲ್ಲ ಮಾರಾಯ, ರೀಲಿನ ಪೆಟ್ಟಿಗೆ ವಾಪಸು ಕಳಿಸ್ತೇನೆ. ನೀನು ಜನ ಸೇರಿಸಿ ಕೊಡು, ಕಡಬಕ್ಕೆ ಹೋಗುವಾಗ ನಿನ್ನನ್ನು ಆಪರೇಟರ್ ಮಾಡ್ತೇನೆ" ಎಂದರು ಯಜಮಾನರು.

ಆ ಅರ್ಧ ಟೆಂಟಿನಲ್ಲಿ ಕೊನೆಯವರೆಗೆ ಕುಳಿತವರಲ್ಲಿ ಹವಾಲ್ದಾರ್ ಮಾವ ಒಬ್ಬರು. ಮರುದಿನ ಬೆಳಿಗ್ಗೆ ಅವರ ಮನೆಗೆ ಹೋಗಿ, ಹಿಂದಿ ಮಾತುಗಳ ಅರ್ಥ ಹೇಳಿಕೊಡಿ ಎಂದು ಕೇಳಿದೆ. ಅವರು ಜೇನು ಪೆಟ್ಟಿಗೆಯ ಮುಚ್ಚಳ ತೆಗೆದು ಒಳಗೆ ನೋಡುತ್ತಿದ್ದರು. ಹಾಗೆ ನೋಡುತ್ತಲೇ ಒಂದೊಂದಾಗಿ ಹೇಳಿಕೊಟ್ಟರು. ಸುಬೇದಾರ ಕೋವಿ ಇಡುವ ಮುಂಚೆ ಮಾಡುವ ಉದ್ದದ ಭಾಷಣಕ್ಕೆ ಬಂದಾಗ ನಕ್ಕುಬಿಟ್ಟರು.

"ಅಷ್ಟು ಮಾತು ಬರುದಿಲ್ಲ ಹೈದ, ಆ ಹೊತ್ತಿಗೆ. ಬಾಯಿ ಒಣಗಿ ನಾಲಗೆ ಅಂಟಿಕೊಳ್ತದೆ."

"ನಿಮಗೆ ಹೇಗೆ ಗೊತ್ತು ಮಾವ?"

ಅವರು ಮುಚ್ಚಳ ಹಾಕಿದರು. ಆಮೇಲೆ ಹೇಳಿದರು... ಯಾರಿಗೂ ಹೇಳದ್ದನ್ನು ಯಾಕೆ ನನಗೆ ಹೇಳಿದರೋ. ಆ ಸಿನಿಮಾ ಅವರೊಳಗೆ ಏನನ್ನೋ ಕದಡಿರಬೇಕು.

ದೂರದ ಒಂದು ಗುಡ್ಡಗಾಡಿನಲ್ಲಿ ಅವರಿದ್ದರು. ಊರಿನ ಹೆಸರು ಹೇಳಲಿಲ್ಲ. ಅಲ್ಲಿ ಸರಕಾರದ ವಿರುದ್ಧ ಕೋವಿ ಹಿಡಿದವರಿಗೆ ಅನ್ನ ಕೊಟ್ಟರೆಂಬ ಸಂಶಯದ ಮೇಲೆ ಒಂದು ಹಳ್ಳಿಯ ಭತ್ತದ ಕಣಜ ಸುಡಬೇಕು ಎಂದು ಚಿಕ್ಕ ವಯಸ್ಸಿನ ಒಬ್ಬ ಅಧಿಕಾರಿ ಹೇಳಿದ. ಸೀಮೆಎಣ್ಣೆಯ ಕ್ಯಾನು ಹವಾಲ್ದಾರ್ ಮಾವನ ಕೈಯಲ್ಲಿತ್ತು. ಕಣಜದ ಬಾಗಿಲಿಗೆ ಒಬ್ಬಳು ಮುದುಕಿ ಕುಳಿತಿದ್ದಳು, ಏಳಲಿಲ್ಲ.

"ನಮ್ಮ ಅವ್ವ ಹಾಗೆ ಕೂತ್ಕೊಳ್ತಿದ್ರು, ಭತ್ತ ಅಳೆಯುವಾಗ" ಎಂದರು. "ನಾನು ಕ್ಯಾನು ಕೆಳಗಿಟ್ಟೆ. ಆಗುದಿಲ್ಲ ಸಾಬ್ ಅಂದೆ. ಅಷ್ಟೇ ನನ್ನ ಭಾಷಣ."

"ಮತ್ತೆ ಅಜ್ಜಿ ಉಳಿದರಾ? ಭತ್ತ ಉಳಿಯಿತಾ?"

"ಎಂತ ಉಳಿಯುದು? ನಾನು ಇಟ್ಟ ಕ್ಯಾನನ್ನು ಪಕ್ಕದವ ಎತ್ತಿದ. ಅಜ್ಜಿಯನ್ನು ಎಳೆದು ಆಚೆ ಕೂರಿಸಿದ್ರು. ಕಣಜ ಸುಟ್ಟೇ ಹೋಯ್ತು. ಸಿನಿಮಾದಲ್ಲಿ ಜನ ಉಳಿತಾರೆ ನೋಡು, ಅದೇ ಚಂದ."

ಆಮೇಲೆ ವಿಚಾರಣೆ, ಜೈಲು. ಬೆಲ್ಟು ಬಿಚ್ಚಿಸಿ, ತೋಳಿನ ಪಟ್ಟಿ ಕಿತ್ತು, ಪೆನ್ಷನ್ ಇಲ್ಲದೆ ಕಳುಹಿಸಿದರು. ಊರಿನಲ್ಲಿ ಜನ ಯುದ್ಧದ ಕತೆ ಕಟ್ಟುವಾಗ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ. ಅವರು ನೆಲ ನೋಡಿದರು. "ಅದು ನನ್ನ ತಪ್ಪೇ. ಕೇಳ್ಲಿಕ್ಕೆ ಚಂದ ಇತ್ತು. ಕೂಸಿಗೆ ಮರ್ಯಾದೆ ಸಿಗ್ತಿತ್ತು." ಕೂಸು ಎಂದರೆ ಅವರ ಒಬ್ಬಳೇ ಮಗಳು. ಅದೇ ಹೈಸ್ಕೂಲಿನಲ್ಲಿ ಓದುತ್ತಿದ್ದಳು, ಡ್ರಿಲ್ಲಿನಲ್ಲಿ ಮುಂದಿನ ಸಾಲಿನವಳು.

ನಾನು ಹೊರಡುವಾಗ ತಡೆದು ಹೇಳಿದರು: "ಹಿಂದಿ ಮಾತು ಹೇಳಿಕೊಟ್ಟದ್ದನ್ನು ಹೇಳು. ನನ್ನದು ಮೈಕಿನಲ್ಲಿ ಬರ್ಲಿಕ್ಕಿಲ್ಲ. ಆಯ್ತಾ?"

"ಆಯ್ತು ಮಾವ" ಎಂದೆ.

ಅದೇ ಮಧ್ಯಾಹ್ನ ಜೀಪು ಹತ್ತಿದೆ. ಗುತ್ತಿಗಾರು ಪೇಟೆಯಲ್ಲಿ ಜೀಪು ನಿಲ್ಲಿಸಿ ಮಾಮೂಲು ಮಾತು ಹೇಳಿದೆ. ಯಾರೂ ತಿರುಗಿ ನೋಡಲಿಲ್ಲ. ಜೀಪಿನಿಂದ ಎಸೆಯುವ ನೋಟೀಸಿಗೆ ಓಡಿ ಬರುವ ಮಕ್ಕಳೂ ಬರಲಿಲ್ಲ. ಆಪರೇಟರ್ ಕೋಣೆಯ ಬಾಗಿಲು ನನ್ನ ಮುಖಕ್ಕೆ ಮುಚ್ಚಿಕೊಂಡಂತೆ ಕಂಡಿತು. ಬಾಯಿ ತಾನಾಗಿ ಹೇಳಿತು ಎಂದು ಬಹಳ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಸುಳ್ಳು. ಬಾಯಿ ತಾನಾಗಿ ಏನನ್ನೂ ಹೇಳುವುದಿಲ್ಲ.

"ಮಹನೀಯರೇ, ಮಹಿಳೆಯರೇ! ಇದು ಕಟ್ಟುಕತೆಯಲ್ಲ! ನಿಮ್ಮ ಮಕ್ಕಳಿಗೆ ಡ್ರಿಲ್ ಕಲಿಸುವ ನಮ್ಮ ಹವಾಲ್ದಾರರು ಬದುಕಿ ತೋರಿಸಿದ ಕತೆ! ಮುದುಕಿಯೊಬ್ಬಳ ಭತ್ತದ ಕಣಜ ಸುಡಲು 'ಆಗುದಿಲ್ಲ ಸಾಬ್' ಎಂದು ಮೇಲಧಿಕಾರಿಯ ಆಜ್ಞೆ ಮೀರಿ, ಸೀಮೆಎಣ್ಣೆಯ ಕ್ಯಾನು ಕೆಳಗಿಟ್ಟು, ಮಿಲಿಟರಿ ಜೈಲು ಕಂಡ ಧೀರನ ಕತೆ! ಇಂದೇ ನೋಡಿರಿ!"

ಜನ ಅಂಗಡಿಯಿಂದ ಹೊರಗೆ ಬಂದರು. "ಎಂತ ಹೇಳಿದ? ಇನ್ನೊಮ್ಮೆ ಹೇಳು" ಎಂದರು. ಇನ್ನೊಮ್ಮೆ ಹೇಳಿದೆ. ಸಂಪಾಜೆಯಲ್ಲಿ ಹೇಳಿದೆ. ನಮ್ಮ ಊರಿನ ಹೈಸ್ಕೂಲಿನ ಎದುರು, ಶಾಲೆ ಬಿಡುವ ಹೊತ್ತಿಗೆ ಸರಿಯಾಗಿ, ಎಲ್ಲಕ್ಕಿಂತ ಜೋರಾಗಿ ಹೇಳಿದೆ. ಆ ಮಗಳು ಗೇಟಿನ ಹತ್ತಿರ ಪುಸ್ತಕ ಎದೆಗೊತ್ತಿಕೊಂಡು ನಿಂತದ್ದನ್ನು ನೋಡಿಯೂ ಹೇಳಿದೆ.

ಟೆಂಟು ತುಂಬಿತು. ನೆಲದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹವಾಲ್ದಾರ್ ಮಾವ ಬರಲಿಲ್ಲ. ಅವರು ಕಲಿಸಿಕೊಟ್ಟ ಒಂದೊಂದು ಮಾತನ್ನೂ ನಾನು ಕನ್ನಡದಲ್ಲಿ ಹೇಳಿದೆ. ಸುಬೇದಾರ ಕೋವಿ ಕೆಳಗಿಟ್ಟಾಗ ಸೀಟಿ, ಚಪ್ಪಾಳೆ, ಪರದೆಯ ಕಡೆಗೆ ಚಿಲ್ಲರೆ ಹಾರಿತು. ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡರು. ಕುರ್ಚಿಯ ಸಾಲಿನಲ್ಲಿ ಅಧ್ಯಕ್ಷರು ಶಾಲಿನ ತುದಿಯಿಂದ ಕಣ್ಣು ಒರೆಸಿಕೊಂಡರು. ನಾನು ಸ್ಟೂಲಿನಿಂದ ನೋಡಿದ್ದೇನೆ. ಪರದೆಯ ಬೆಳಕಿನಲ್ಲಿ ಅವರ ಕೆನ್ನೆ ಒದ್ದೆಯಾಗಿತ್ತು.

ಇದನ್ನು ನೆನೆದರೆ ನನಗೆ ಇವತ್ತಿಗೂ ರಕ್ತ ಕುದಿಯುತ್ತದೆ. ಆ ಕಣ್ಣೀರು ಒಣಗುವ ಮುಂಚೆ ಅವರು ಹೆಡ್‌ಮಾಸ್ಟರಿಗೆ ಹೇಳಿ ಕಳುಹಿಸಿದ್ದರು: ಕಮಿಟಿ ಕರೆಯಿರಿ, ಆಜ್ಞೆ ಮೀರಿದವನು ನಮ್ಮ ಮಕ್ಕಳಿಗೆ ಡ್ರಿಲ್ ಕಲಿಸುವುದು ಬೇಡ. ಬಟ್ಟೆಯ ಮೇಲಿನ ನೆರಳಿಗೆ ಅತ್ತ ಜನ! ಆ ನೆರಳು ಮಾಡಿದ್ದನ್ನೇ ಮಾಡಿದ ಮನುಷ್ಯ ಮರುದಿನ ರಸ್ತೆಯಲ್ಲಿ ಎದುರಾದಾಗ ಮುಖ ತಿರುಗಿಸಿದರು. ಅದೇ ಚಪ್ಪಾಳೆ ಹೊಡೆದ ಕೈಗಳು, ನಮಸ್ಕಾರಕ್ಕೆ ಏಳಲಿಲ್ಲ.

ಕಮಿಟಿ ಸೇರಿದ್ದು ಹೆಡ್‌ಮಾಸ್ಟರ ಕೋಣೆಯಲ್ಲಿ. ಮೇಜಿನ ಒಂದು ಬದಿಗೆ ಅಧ್ಯಕ್ಷರು, ಕಮಿಟಿಯ ಮೂರು ನಾಲ್ಕು ಜನ. ಹೆಡ್‌ಮಾಸ್ಟರು ತಮ್ಮ ಕೋಣೆಯಲ್ಲಿ ತಾವೇ ಮೂಲೆಯ ಸ್ಟೂಲಿನಲ್ಲಿದ್ದರು. ಹವಾಲ್ದಾರ್ ಮಾವ ಕುರ್ಚಿ ಕೊಟ್ಟರೂ ಕೂರದೆ ನೆಟ್ಟಗೆ ನಿಂತಿದ್ದರು. ಬೆಲ್ಟು ಹಾಕಿದ್ದರು, ಸೀಟಿ ಕೊರಳಲ್ಲಿತ್ತು. ನನ್ನನ್ನೂ ಕರೆಸಿದ್ದರು.

"ಇಷ್ಟು ವರ್ಷ ನಮ್ಮನ್ನು ಮಂಗ ಮಾಡಿದ್ರಿ ಹವಾಲ್ದಾರ್ರೆ" ಎಂದರು ಅಧ್ಯಕ್ಷರು. "ಬಾವುಟದ ಹತ್ತಿರ ನಿಲ್ಲಿಸಿದ್ದೆವಲ್ಲ ನಿಮ್ಮನ್ನು."

ಹೆಡ್‌ಮಾಸ್ಟರು ಸಣ್ಣ ದನಿಯಲ್ಲಿ, "ಮೊನ್ನೆ ಸಿನಿಮಾದಲ್ಲಿ ನಾವೆಲ್ಲ ಅದಕ್ಕೇ ಅಲ್ವಾ ಅಧ್ಯಕ್ಷರೆ, ಕಣ್ಣೀರು..." ಎಂದರು.

"ಅದು ಬಿಳಿಯರ ಕಾಲ ಮಾಸ್ಟ್ರೆ! ಬಿಳಿಯನ ಮಾತು ಮೀರಿದರೆ ಧೀರ. ಇದು ನಮ್ಮ ಸರಕಾರ, ನಮ್ಮ ಮಿಲಿಟ್ರಿ. ಅದಕ್ಕೂ ಇದಕ್ಕೂ ಎಂತ ಸಂಬಂಧ?"

"ಆ ಅಜ್ಜಿಗೆ ಎರಡೂ ಒಂದೇ ಅಧ್ಯಕ್ಷರೆ" ಎಂದರು ಹವಾಲ್ದಾರ್ ಮಾವ. ದನಿ ಏರಿಸಲಿಲ್ಲ. "ಭತ್ತ ಅವಳದ್ದು."

ಕಮಿಟಿಯ ಒಬ್ಬರು ತಲೆದೂಗಿದ್ದನ್ನು ಕಂಡೆ. ಆ ಕ್ಷಣದಲ್ಲಿ ಮಾತು ಅವರ ಕಡೆಗೆ ವಾಲಿತ್ತು ಎಂದು ಈಗಲೂ ನನಗನಿಸುತ್ತದೆ. ಹಳೆಯ ತಪ್ಪಿಗೆ ಇಷ್ಟು ವರ್ಷದ ಕೆಲಸ ಕಳೆಯಬಾರದು ಎಂದು ಯಾರಾದರೂ ಹೇಳುತ್ತಿದ್ದರೋ ಏನೋ. ಅಷ್ಟರಲ್ಲಿ ಅಧ್ಯಕ್ಷರು ನನ್ನ ಕಡೆ ತಿರುಗಿದರು.

"ನೀನು ಹೇಳು. ಇದನ್ನು ಮೈಕಿನಲ್ಲಿ ಕೂಗ್ಲಿಕ್ಕೆ ನಿನಗೆ ಯಾರು ಹೇಳಿದ್ದು? ನೀನಾಗಿಯೇ ಮಾಡಿದ್ದಾ? ಹಾಗಾದ್ರೆ ನಿಮ್ಮ ಟೆಂಟು ನನ್ನ ಗದ್ದೆಯಿಂದ ಇವತ್ತೇ ಏಳ್ತದೆ. ಊರಿನವರ ಮಾನ ಕಳೆದದ್ದಕ್ಕೆ ನಿನ್ನನ್ನು ಎಂತ ಮಾಡ್ಬೇಕು ಅಂತ ನೋಡ್ತೇವೆ."

ಗದ್ದೆ ಅವರದ್ದೇ. ಬಾಗಿಲ ಹೊರಗೆ ಟೆಂಟಿನ ಯಜಮಾನರು ನಿಂತಿದ್ದರು. ನಾನು ಹೇಳಿದೆ: "ನಾನಾಗಿ ಅಲ್ಲ. ಹವಾಲ್ದಾರ್ ಮಾವನೇ ಹೇಳಿದ್ದು. ಹೆಸರು ಬರ್ಲಿ, ಮೈಕಿನಲ್ಲಿ ಹೇಳು ಅಂತ."

ಅಷ್ಟೇ. ಆ ಮಾತು ಕೇಳಿ ತಲೆದೂಗಿದವರೇ ನಾಲಗೆ ಕಚ್ಚಿಕೊಂಡರು. ಮಾಡಿದ್ದು ಒಂದು, ಅದನ್ನು ಸಿನಿಮಾದವರಿಗೆ ಮಾರಿ ಹೆಸರು ಮಾಡಲು ಹೊರಟದ್ದು ಇನ್ನೊಂದು. ಮೊದಲಿನದ್ದನ್ನು ಕ್ಷಮಿಸಬಹುದಾಗಿದ್ದವರು ಎರಡನೆಯದ್ದನ್ನು ಕ್ಷಮಿಸಲಿಲ್ಲ. ಎರಡನೆಯದ್ದು ನಡೆದೇ ಇರಲಿಲ್ಲ.

"ಹೌದಾ ಹವಾಲ್ದಾರ್ರೆ?" ಎಂದು ಕೇಳಿದರು ಅಧ್ಯಕ್ಷರು.

ಅವರು ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ. ಕವಾಯತಿನಲ್ಲಿ ತಪ್ಪು ಕಾಲು ಹಾಕಿದ ಹುಡುಗನಿಗೆ ಸರಿಪಡಿಸಿಕೊಳ್ಳಲು ಕೊಡುತ್ತಿದ್ದರಲ್ಲ, ಅಷ್ಟೇ ಹೊತ್ತು, ಹಾಗೆಯೇ ನೋಡಿದರು. ನಾನು ಗೋಡೆಯ ಭೂಪಟ ನೋಡಿದೆ. ಆಗ ಅವರು ಕೊರಳಿಂದ ಸೀಟಿ ತೆಗೆದು ಮೇಜಿನ ಮೇಲಿಟ್ಟು, ತಿರುಗಿ ಹೊರಗೆ ನಡೆದರು.

ಊರು ಆಮೇಲೆ ತನ್ನ ಕೆಲಸ ಶುರು ಮಾಡಿತು. ರೇಷನ್ ಅಂಗಡಿಯ ಸಾಲಿನಲ್ಲಿ ಅವರು ಸೀಮೆಎಣ್ಣೆಗೆ ನಿಂತರೆ ಹಿಂದಿನಿಂದ ಒಬ್ಬ, "ಕ್ಯಾನು ಕೆಳಗಿಡ್ಬೇಡಿ ಮಾವ, ಬೇರೆಯವ ಎತ್ಕೊಂಡು ಹೋದಾನು!" ಎನ್ನುತ್ತಿದ್ದ. ಸಾಲಿಡೀ ನಗುತ್ತಿತ್ತು. ಹೋಟೆಲಿನಲ್ಲಿ ಚಹಾ ಹೇಳಿದರೆ, "ಆಜ್ಞೆ ಸಾಬ್, ಆದ್ರೆ ನಮಗೂ ಆಗುದಿಲ್ಲ!" ಆ ಕ್ಯಾನಿನ ವಿಷಯ ಜನರ ಬಾಯಿಗೆ ಹಾಕಿದವನು ನಾನು. ಡ್ರಿಲ್ಲಿನ ಮುಂದಿನ ಸಾಲಿನಲ್ಲಿದ್ದ ಮಗಳನ್ನು ಹಿಂದೆ ಹಾಕಿದರು. ಅವಳು ಡ್ರಿಲ್ಲನ್ನೇ ಬಿಟ್ಟಳು. ನೆರೆಮನೆಯ ಅಜ್ಜಿ ತೀರಿಕೊಂಡಾಗ ಹವಾಲ್ದಾರ್ ಮಾವ ಯಾವಾಗಿನಂತೆ ಹೋಗಿ ಅಂಗಳದಲ್ಲಿ ನಿಂತರು. ಮನೆಯವರು ಅವರ ಎದುರಿನಿಂದಲೇ ಕೋವಿ ಕೊಂಡುಹೋಗಿ ಇನ್ನೊಬ್ಬನ ಕೈಗೆ ಕೊಟ್ಟರು. ಅವನ ಕೈ ನಡುಗಿ ಕೋವಿ ಸರಿಯಾಗಿ ಸಿಡಿಯಲಿಲ್ಲ. ಆದರೂ ಅವರನ್ನು ಕರೆಯಲಿಲ್ಲ. ಒಬ್ಬ ಮುದುಕಿಯ ಮೇಲೆ ಕೈ ಮಾಡಲಾಗದೆ ಎಲ್ಲ ಕಳೆದುಕೊಂಡ ಮನುಷ್ಯ, ಒಬ್ಬ ಮುದುಕಿಗೆ ಕೊನೆಯ ಮರ್ಯಾದೆ ಮಾಡಲು ಯೋಗ್ಯನಲ್ಲವಂತೆ!

ಟೆಂಟು ಕಡಬಕ್ಕೆ ಹೊರಡುವ ಮುಂಚೆ ಅವರ ಮನೆಗೆ ಹೋದೆ. ಕಾಲು ಹಿಡಿಯುವ ಮನಸ್ಸಿತ್ತು. ಅವರು ಗುಡ್ಡೆಯಲ್ಲಿ ಪೆಟ್ಟಿಗೆಗಳ ಹತ್ತಿರ ಇದ್ದರು. ನಾನು ಬಾಯಿ ತೆರೆಯುವ ಮುಂಚೆಯೇ ಕೈ ಅಡ್ಡ ಮಾಡಿದರು.

"ನನ್ನ ಹತ್ತಿರ ಬೇಡ ಹೈದ. ಮೈಕಿನಲ್ಲಿ ಹೇಳಿದ್ದು ಹೋಗ್ಲಿ, ಅದು ನಡೆದದ್ದೇ. ಕಮಿಟಿಯಲ್ಲಿ ಹೇಳಿದಿಯಲ್ಲ, ಅದನ್ನು ಅಲ್ಲೇ ಹೋಗಿ ಸರಿ ಮಾಡು. ಕೂಸು ಅಲ್ಲೇ ಓದುದು."

"ನೀವು ಅವತ್ತೇ ಹೇಳ್ಬಹುದಿತ್ತಲ್ಲ ಮಾವ, ಇವನು ಸುಳ್ಳು ಹೇಳ್ತಾನೆ ಅಂತ."

"ನಾನು ಹೇಳಿದ್ರೆ ನಿನ್ನನ್ನು ಅಲ್ಲೇ ಹೊಡಿತಿದ್ರು. ನೀನೇ ಹೇಳಿದ್ರೆ ಬೈದು ಬಿಡ್ತಿದ್ರು."

"ಮುಂದಿನ ಮೀಟಿಂಗಿಗೆ ಹೋಗಿ ಹೇಳ್ತೇನೆ" ಎಂದೆ. ಆ ಹೊತ್ತಿಗೆ ಹೇಳುವ ಮನಸ್ಸೂ ಇತ್ತು. ಕಡಬಕ್ಕೆ ಹೋದೆ. ಯಜಮಾನರು ಕೊಟ್ಟ ಮಾತಿನಂತೆ ನನ್ನನ್ನು ಆಪರೇಟರ್ ಮಾಡಿದರು. ಯಂತ್ರದ ಕೋಣೆಯ ಬಿಸಿ, ಉರಿಯುವ ಕಾರ್ಬನ್ ಕಡ್ಡಿಯ ಬೆಳಕು, ಸಣ್ಣ ಕಿಂಡಿಯಿಂದ ಕಾಣುವ ಜನರ ತಲೆಗಳು... ಸುಖವಾಗಿದ್ದೆ. ಮುಂದಿನ ಮೀಟಿಂಗು ಯಾವಾಗ ಎಂದು ಯಾರನ್ನೂ ಕೇಳಲಿಲ್ಲ. ಮರುವರ್ಷ ಟೆಂಟು ನಮ್ಮ ಊರಿಗೆ ಬಂದಾಗಲೂ ಯಂತ್ರದ ಕೋಣೆಯಿಂದ ಹೊರಗೆ ಬರಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲೊಂದು ಮಳೆಗಾಲದಲ್ಲಿ ಅವರು ಜ್ವರದಿಂದ ತೀರಿಕೊಂಡರು. ಅವರ ಹೆಂಡತಿ ಕೋವಿ ಇದ್ದ ಮನೆಗಳಿಗೆ ಹೇಳಿ ಕಳುಹಿಸಿದರಂತೆ. ಒಬ್ಬರ ಕೋವಿಯ ಮದ್ದು ಒದ್ದೆಯಾಗಿತ್ತಂತೆ, ಇನ್ನೊಬ್ಬರು ಮನೆಯಲ್ಲಿರಲಿಲ್ಲವಂತೆ. ಸದ್ದಾಗಲಿಲ್ಲ, ಹಾಗಾಗಿ ಗೊತ್ತಾಗಲಿಲ್ಲ ಎಂದು ಊರಿಡೀ ಹೇಳಿಕೊಂಡಿತು. ಎಷ್ಟು ಚಂದದ ನೆವ! ಸದ್ದು ಮಾಡದವರೂ ಅವರೇ, ಸದ್ದು ಕೇಳಲಿಲ್ಲ ಎಂದವರೂ ಅವರೇ. ನಾನು ಆಗ ಊರಿನಲ್ಲೇ ಇದ್ದೆ. ಸುದ್ದಿ ನನಗೆ ಹೆಣ ಎತ್ತುವ ಮುಂಚೆಯೇ ಸಿಕ್ಕಿತ್ತು. ಹೋಗಲಿಲ್ಲ. ಆ ಹೆಣದ ಮುಖ ನೋಡುವ ಧೈರ್ಯವಿರಲಿಲ್ಲ.

ಕಳೆದ ವಾರ ಆ ವಾಸನೆ ಬಂದ ಮೇಲೆ ನಿದ್ದೆ ಹತ್ತಲಿಲ್ಲ. ವಿಚಾರಿಸಿ, ಬಸ್ಸು ಹತ್ತಿ, ಪುತ್ತೂರಿನಲ್ಲಿರುವ ಅವರ ಮಗಳ ಮನೆಗೆ ಹೋದೆ. ಆಕೆಗೂ ಈಗ ತಲೆಯೆಲ್ಲ ಬೆಳ್ಳಗಾಗಿದೆ. ಗುರುತು ಹಿಡಿದರು. ಕೂರಲು ಹೇಳಿ ನೀರು, ಬೆಲ್ಲ ತಂದಿಟ್ಟರು. ನಾನು ಎಲ್ಲ ಹೇಳಿದೆ, ಮೊದಲಿನಿಂದ ಕೊನೆಯವರೆಗೆ. ಅಪ್ಪ ಹೇಳಿದ್ದಲ್ಲ, ನಾನೇ ಸುಳ್ಳು ಹೇಳಿದ್ದು ಎಂದೆ.

"ಗೊತ್ತುಂಟು" ಎಂದರು ಆಕೆ.

"ಯಾವಾಗಿಂದ?"

"ಅವತ್ತಿನಿಂದಲೇ. ಅಪ್ಪ ಮನೆಗೆ ಬಂದು ಅಮ್ಮನ ಹತ್ತಿರ ಹೇಳಿದ್ದು ನಾನು ಕೇಳಿದ್ದೇನೆ. ಹೈದ ಹೆದರಿದ್ದಾನೆ, ನಾಳೆ ಹೋಗಿ ಸರಿ ಹೇಳ್ತಾನೆ ಅಂತ."

ಆಕೆಯೇ ಮುಂದುವರಿಸಿದರು. ಅಳುತ್ತಿರಲಿಲ್ಲ, ದನಿ ಗಟ್ಟಿಯಿತ್ತು.

"ಮತ್ತೆ ಕಮಿಟಿ ಮೀಟಿಂಗು ಉಂಟು ಅಂತ ನಾನು ಶಾಲೆಯಿಂದ ಬಂದು ಹೇಳಿದ ದಿನ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿ ಜಗಲಿಯಲ್ಲಿ ಕೂತುಕೊಳ್ತಿದ್ರು. ನೀವು ಹೇಳಿರ್ತೀರಿ, ಶಾಲೆಯಿಂದ ಯಾರಾದರೂ ಕರೀಲಿಕ್ಕೆ ಬರ್ತಾರೆ ಅಂತ. ಕತ್ತಲಾದ ಮೇಲೆ ಅಂಗಿ ಬಿಚ್ಚಿ ಮಡಚಿ ಇಡ್ತಿದ್ರು. ಪ್ರತಿ ಮೀಟಿಂಗಿಗೂ ಹಾಗೆ. ನಾನು ಶಾಲೆ ಬಿಟ್ಟ ಮೇಲೆ ಬೇರೆಯವರ ಹತ್ತಿರ ಕೇಳಿ ತಿಳ್ಕೊಳ್ತಿದ್ರು, ಮೀಟಿಂಗು ಯಾವಾಗ ಅಂತ."

ಕ್ಷಮಿಸಿ ಎಂದೆನೋ ಏನೋ...

"ನನಗೆ ಹೇಳಿ ಎಂತ ಪ್ರಯೋಜನ?" ಎಂದರು ಆಕೆ. "ನನಗೆ ಗೊತ್ತಿದ್ದದ್ದೇ. ಗೊತ್ತಿಲ್ಲದವರಿಗೆ ಹೇಳ್ಬೇಕಿತ್ತು ನೀವು." ಆಮೇಲೆ ಬಾಗಿಲವರೆಗೆ ಬಂದು, ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ತೋರಿಸಿ ಒಳಗೆ ಹೋದರು.

ಗೊತ್ತಿಲ್ಲದವರು! ಅಧ್ಯಕ್ಷರು ಸತ್ತು ಬಹಳ ಕಾಲವಾಯಿತು. ಹೆಡ್‌ಮಾಸ್ಟರು ಇಲ್ಲ. ಕಮಿಟಿಯವರಲ್ಲಿ ಒಬ್ಬರೂ ಉಳಿದಿಲ್ಲ. ಟೆಂಟಿನ ಯಜಮಾನರು ಟೆಂಟಿಗಿಂತ ಮೊದಲೇ ಹೋದರು. ರೇಷನ್ ಸಾಲಿನಲ್ಲಿ ನಕ್ಕವರೂ ಹೆಚ್ಚಿನವರು ಮಣ್ಣಾದರು. ಆ ಕೋಣೆಯಲ್ಲಿದ್ದವರಲ್ಲಿ ಉಳಿದಿರುವವನು ನಾನೊಬ್ಬನೇ. ಎಲ್ಲರೂ ನನ್ನ ಸುಳ್ಳನ್ನು ನಿಜವೆಂದು ನಂಬಿಕೊಂಡೇ ಹೋದರು. ಬಾಯಿ ಬಿಡಲು ಧೈರ್ಯ ಬಂದ ಹೊತ್ತಿಗೆ ಕೇಳಬೇಕಾದ ಕಿವಿಗಳೇ ಇಲ್ಲ. ಇದಕ್ಕೆ ಯಾರನ್ನು ಬೈಯಲಿ? ಊರನ್ನು ಬೈದು ಬೈದು ಸಾಕಾಗಿದೆ. ಊರಿಗೆ ಆ ಮಾ‌ತನ್ನು ಕೊಟ್ಟವನು ನಾನು.

ಆದರೂ ಆ ಊರಿನ ಮಕ್ಕಳು ಮೊಮ್ಮಕ್ಕಳು ಇದನ್ನು ಓದಿಯಾರು. ಅಪ್ಪನೋ ಅಜ್ಜನೋ, ಸಿನಿಮಾಕ್ಕೆ ತನ್ನ ಕತೆ ಮಾರಿದ ಒಬ್ಬ ಹವಾಲ್ದಾರನ ಬಗ್ಗೆ ನಗುತ್ತಾ ಹೇಳಿದ್ದು ಯಾರಿಗಾದರೂ ನೆನಪಿದ್ದೀತು. ಅವರಿಗಾಗಿ ಬರೆಯುತ್ತಿದ್ದೇನೆ. ಹವಾಲ್ದಾರ್ ಮಾವ ನನಗೆ ಮೈಕಿನಲ್ಲಿ ಹೇಳು ಎಂದಿರಲಿಲ್ಲ. ಹೇಳಬೇಡ ಎಂದಿದ್ದರು. ನಾನು ಆಯ್ತು ಎಂದಿದ್ದೆ.